ಮನೆಮಂದಿಯೊಂದಿಗೆ ಕ್ವೀನ್ಸ್‌ಲ್ಯಾಂಡ್ ಕರಾವಳಿಯ ಕ್ಯಾರವಾನ್ ಪ್ರವಾಸ: ಡಿಸೆಂಬರ್ ಬೇಡ, ಜೂನ್ ಇರಲಿ

ಪ್ರಶ್ನೆ: ನಾವು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಬ್ರಿಸ್ಬೇನ್‌ನಲ್ಲಿ ನೆಲೆಸಿದ್ದೇವೆ. ಕಳೆದ ತಿಂಗಳು, ಯಾರೋ ಬಳಸಿದ ಕ್ಯಾರವಾನ್ (ಕಾರಿನ ಹಿಂದೆ ಕಟ್ಟಿ ಎಳೆಯುವ ಮನೆಗಾಡಿ) ಒಂದನ್ನು ಕೊಂಡೆವು. ಅದರ ಫಲಕದ ಮೇಲೆ ಎಟಿಎಂ 2,300 ಕಿಲೋ, ಟೇರ್ 1,950 ಕಿಲೋ ಎಂದು ಬರೆದಿದೆ. ಡಿಸೆಂಬರ್ ರಜೆಯಲ್ಲಿ ಮೂರು ವಾರ ಕರಾವಳಿಯುದ್ದಕ್ಕೂ ಉತ್ತರದ ಕೇರ್ನ್ಸ್‌ವರೆಗೆ ಹೋಗಿಬರುವ ಆಸೆ. ನಾನು, ನನ್ನ ಹೆಂಡತಿ, 11 ವರ್ಷದ ಮಗಳು, 6 ವರ್ಷದ ಮಗ ಮತ್ತು 67 ವರ್ಷದ ನನ್ನ ತಾಯಿ, ಹೀಗೆ ಐದು ಜನ. ತಾಯಿಗೆ ಮಂಡಿನೋವಿದೆ. ನಾವು ಈ ಮೊದಲು ಕಾರಿನ ಹಿಂದೆ ಏನನ್ನೂ ಕಟ್ಟಿ ಎಳೆದವರಲ್ಲ. ದಿನಕ್ಕೆ ಎಷ್ಟು ದೂರ ಹೋಗಬಹುದು? ಮಕ್ಕಳನ್ನು ಸಮುದ್ರಕ್ಕೆ ಇಳಿಸಬಹುದೇ? ಯಾವುದಕ್ಕೆ ಹೆಚ್ಚು ಎಚ್ಚರ ವಹಿಸಬೇಕು?

ಉತ್ತರ: ನೀವು ಕೇಳಿರುವ ಎಲ್ಲಕ್ಕೂ ಮೊದಲು ತೀರ್ಮಾನವಾಗಬೇಕಾದದ್ದು ತಿಂಗಳು. ಡಿಸೆಂಬರ್‌ನಲ್ಲಿ ಹೊರಡಬೇಡಿ ಎಂದು ನೇರವಾಗಿಯೇ ಹೇಳುತ್ತೇನೆ. ಹಲವು ವರ್ಷಗಳಿಂದ ಈ ದಾರಿಯಲ್ಲಿ ಕ್ಯಾರವಾನ್ ಎಳೆದುಕೊಂಡು ಓಡಾಡಿದವನಾಗಿ, ಚಿಕ್ಕ ಮಕ್ಕಳೂ ವಯಸ್ಸಾದವರೂ ಇರುವ ಮನೆಯವರಿಗೆ ಇದಕ್ಕಿಂತ ಮುಖ್ಯವಾದ ಸಲಹೆ ನನ್ನಲ್ಲಿಲ್ಲ. ಉಳಿದ ತಪ್ಪುಗಳನ್ನು ದಾರಿಯಲ್ಲಿ ತಿದ್ದಿಕೊಳ್ಳಬಹುದು, ಆದರೆ ತಪ್ಪು ತಿಂಗಳಲ್ಲಿ ಹೊರಟರೆ ತಿದ್ದಿಕೊಳ್ಳಲು ಏನೂ ಉಳಿಯುವುದಿಲ್ಲ.

ರಾಕ್‌ಹ್ಯಾಂಪ್ಟನ್ ಪಟ್ಟಣದ ಬಳಿ ಮಕರ ಸಂಕ್ರಾಂತಿ ವೃತ್ತ ಹಾದುಹೋಗುತ್ತದೆ. ಅಲ್ಲಿಂದ ಉತ್ತರಕ್ಕೆ ಸಾಗಿದಂತೆ ವರ್ಷದಲ್ಲಿ ಎರಡೇ ಕಾಲಗಳೆಂದು ಭಾವಿಸಬೇಕು, ಮಳೆಯದೊಂದು, ಒಣ ಹವೆಯದೊಂದು. ನವೆಂಬರ್ 1ರಿಂದ ಏಪ್ರಿಲ್ 30ರವರೆಗೆ ಅಲ್ಲಿ ಚಂಡಮಾರುತದ ಕಾಲ. 2006ರ ಮಾರ್ಚ್‌ನಲ್ಲಿ ಲ್ಯಾರಿ ಚಂಡಮಾರುತ ಇನಿಸ್‌ಫೇಲ್ ಪಟ್ಟಣದ ಬಳಿಯೂ, 2011ರ ಫೆಬ್ರವರಿಯಲ್ಲಿ ಯಾಸಿ ಚಂಡಮಾರುತ ಮಿಷನ್ ಬೀಚ್ ಬಳಿಯೂ ನೆಲಕ್ಕೆ ಅಪ್ಪಳಿಸಿದವು. 2023ರ ಡಿಸೆಂಬರ್ 13ರಂದು, ನೀವು ಹೊರಡಬೇಕೆಂದುಕೊಂಡಿರುವ ದಿನಗಳಲ್ಲಿಯೇ, ಜಾಸ್ಪರ್ ಚಂಡಮಾರುತ ಕೇರ್ನ್ಸ್‌ನ ಉತ್ತರಕ್ಕೆ ಬಂದು ಬಡಿಯಿತು. ಅದರ ಗಾಳಿಗಿಂತ ಅನಂತರ ದಿನಗಟ್ಟಲೆ ಸುರಿದ ಮಳೆಯೇ ಹೆಚ್ಚು ಹಾನಿ ಮಾಡಿತು. ಕೇರ್ನ್ಸ್ ವಿಮಾನ ನಿಲ್ದಾಣಕ್ಕೆ ನೀರು ನುಗ್ಗಿತು, ಗುಡ್ಡ ಕುಸಿದು ಕರಾವಳಿಯ ಹೆದ್ದಾರಿ ಮುಚ್ಚಿತು. 2025ರ ಫೆಬ್ರವರಿಯ ಪ್ರವಾಹದಲ್ಲಂತೂ ಟೌನ್ಸ್‌ವಿಲ್ ಮತ್ತು ಇಂಗಮ್ ನಡುವಿನ ಒಂದು ಸೇತುವೆ ಕುಸಿದು, ಬ್ರಿಸ್ಬೇನ್‌ನಿಂದ ಕೇರ್ನ್ಸ್‌ಗೆ ಹೋಗುವ ಬ್ರೂಸ್ ಹೆದ್ದಾರಿಯೇ ತುಂಡಾಯಿತು. ಬರೀ ಕಾರಿನಲ್ಲಿದ್ದವರು ನೀರು ಕಂಡಲ್ಲಿ ತಿರುಗಿಸಿಕೊಂಡು ಬರಬಹುದು. ಕಾರು, ಕ್ಯಾರವಾನ್ ಸೇರಿ ಹನ್ನೆರಡು ಮೀಟರ್ ಉದ್ದವಿರುವ ನಿಮಗೆ ಇಕ್ಕಟ್ಟಾದ ರಸ್ತೆಯಲ್ಲಿ, ಸುರಿಯುವ ಮಳೆಯಲ್ಲಿ, ಹಿಂದೆ ಸಾಲುಗಟ್ಟಿದ ವಾಹನಗಳ ನಡುವೆ ತಿರುಗಿಸುವುದು ಸಾಧ್ಯವಾಗದು.

ಜನವರಿಯಿಂದ ಮಾರ್ಚ್‌ವರೆಗೆ ಕೇರ್ನ್ಸ್‌ನಲ್ಲಿ ತಿಂಗಳಿಗೆ ಸುಮಾರು 400 ಮಿಲಿಮೀಟರ್ ಮಳೆ ಬಿದ್ದರೆ ಜುಲೈನಲ್ಲಿ ಬೀಳುವುದು 30ರ ಆಸುಪಾಸು. ಜುಲೈಯ ಹಗಲು 26 ಡಿಗ್ರಿ, ರಾತ್ರಿ 17 ಡಿಗ್ರಿ. ಐದು ಜನ ತಗಡಿನ ಗೋಡೆಗಳ ನಡುವೆ ಮಲಗುವುದಕ್ಕೆ ಇದಕ್ಕಿಂತ ಹಿತವಾದ ಹವೆ ಇಲ್ಲ. ಆದ್ದರಿಂದ ಜೂನ್ ಕೊನೆಗೆ ಆರಂಭವಾಗುವ ಚಳಿಗಾಲದ ರಜೆಯನ್ನೇ ಆರಿಸಿಕೊಳ್ಳಿ. ಆ ರಜೆ ಎರಡೇ ವಾರ ಎಂಬುದು ನಿಮಗೆ ಗೊತ್ತಿದೆ. ಮೂರನೆಯ ವಾರಕ್ಕೆ ಶಾಲೆಯ ಒಪ್ಪಿಗೆ ಪಡೆಯಲಾಗುವುದಾದರೆ ಕೇರ್ನ್ಸ್‌ವರೆಗೆ ಹೋಗಿ, ಇಲ್ಲವಾದರೆ ದಾರಿಯ ನಡುವೆ ಸಿಗುವ ಏರ್ಲಿ ಬೀಚ್‌ನಲ್ಲಿ ನಿಂತು ಹಿಂದಿರುಗಿ. ದಕ್ಷಿಣದ ಚಳಿಯಿಂದ ತಪ್ಪಿಸಿಕೊಳ್ಳಲು ನಿವೃತ್ತರು, ಅಲ್ಲಿಯವರು ಗ್ರೇ ನೋಮ್ಯಾಡ್ಸ್ ಎಂದು ಕರೆಯುವವರು, ಇದೇ ತಿಂಗಳುಗಳಲ್ಲಿ ಸಾವಿರಗಟ್ಟಲೆ ಉತ್ತರಕ್ಕೆ ಬರುತ್ತಾರೆ. ಹೀಗಾಗಿ ಕ್ಯಾರವಾನ್ ಪಾರ್ಕ್‌ಗಳಲ್ಲಿ ಜಾಗವನ್ನು ನಾಲ್ಕಾರು ತಿಂಗಳು ಮೊದಲೇ ಕಾಯ್ದಿರಿಸಬೇಕಾಗುತ್ತದೆ.

ಇನ್ನು ತೂಕದ ವಿಷಯ. ಹೊಸಬರು ಎಡವುವುದು ಇಲ್ಲಿಯೇ ಆದ್ದರಿಂದ ನಿಮ್ಮದೇ ಅಂಕಿಗಳನ್ನು ಇಟ್ಟುಕೊಂಡು ಲೆಕ್ಕ ಹಾಕಿ ತೋರಿಸುತ್ತೇನೆ. ಫಲಕದ ಮೇಲಿನ ಟೇರ್ ಎಂದರೆ ಖಾಲಿ ಕ್ಯಾರವಾನ್‌ನ ತೂಕ. ಎಟಿಎಂ ಎಂದರೆ ಸಾಮಾನು ತುಂಬಿದ ಮೇಲೆ ಅದು ಮುಟ್ಟಬಹುದಾದ ಗರಿಷ್ಠ ತೂಕ. ಎರಡರ ನಡುವಿನ ವ್ಯತ್ಯಾಸ 350 ಕಿಲೋ. ತಲಾ 80 ಲೀಟರ್‌ನ ಎರಡು ನೀರಿನ ಟ್ಯಾಂಕ್ ತುಂಬಿಸಿದರೆ 160 ಕಿಲೋ ಅಲ್ಲಿಗೇ ಹೋಯಿತು. 9 ಕಿಲೋ ಅಡುಗೆ ಅನಿಲದ ಎರಡು ಸಿಲಿಂಡರ್‌ಗಳ ಅನಿಲಕ್ಕೆ ಇನ್ನೂ 18 ಕಿಲೋ. ಉಳಿದ 172 ಕಿಲೋದಲ್ಲಿ ಐವರ ಬಟ್ಟೆ, ಹಾಸಿಗೆ ಹೊದಿಕೆ, ಪಾತ್ರೆ ಪಡಗ, ದಿನಸಿ, ಮಡಚುವ ಕುರ್ಚಿ, ಮಕ್ಕಳ ಸೈಕಲ್ ಎಲ್ಲವೂ ಅಡಗಬೇಕು. ಅಷ್ಟೇ ಅಲ್ಲ, ಬಳಸಿದ ಕ್ಯಾರವಾನ್ ಕೊಂಡವರು ಫಲಕದ ಟೇರ್ ಅನ್ನು ನಂಬಿ ಕೂರಬಾರದು. ಹಿಂದಿನವರು ಹೆಚ್ಚುವರಿ ಬ್ಯಾಟರಿ, ಸೌರಫಲಕ, ದೊಡ್ಡ ಮುಂಚಾಚು ಚಾವಣಿ ಕೂಡಿಸಿದ್ದರೆ ನಿಜವಾದ ಖಾಲಿ ತೂಕ ಫಲಕದಲ್ಲಿರುವುದಕ್ಕಿಂತ ನೂರು ಕಿಲೋ ಹೆಚ್ಚಿದ್ದರೂ ಆಶ್ಚರ್ಯವಿಲ್ಲ. ಹೊರಡುವ ವಾರದ ಮುಂಚೆ ಸಾಮಾನೆಲ್ಲ ತುಂಬಿ, ಐವರೂ ಕಾರಿನಲ್ಲಿ ಕುಳಿತು, ಸಾರ್ವಜನಿಕ ವೇಬ್ರಿಡ್ಜ್‌ಗೆ ಹೋಗಿ ತೂಕ ಹಾಕಿಸಿ. ಕುಡಿಯುವ ನೀರು ದಾರಿಯಲ್ಲಿ ಎಲ್ಲೆಡೆ ಸಿಗುವುದರಿಂದ ಒಂದೇ ಟ್ಯಾಂಕ್ ತುಂಬಿಸಿಕೊಂಡು ಹೋದರೆ ಸಾಕು ಎಂಬುದು ನನ್ನ ಅಭಿಪ್ರಾಯ.

ಕಾರಿನ ಲೆಕ್ಕವನ್ನು ಮರೆಯುವವರೇ ಹೆಚ್ಚು. ಕ್ಯಾರವಾನ್‌ನ ತೂಕದಲ್ಲಿ ಸುಮಾರು ಹತ್ತನೆಯ ಒಂದು ಭಾಗ ಕೊಂಡಿಯ ಮೂಲಕ ಕಾರಿನ ಹಿಂಭಾಗದ ಮೇಲೆ ಕೂರುತ್ತದೆ, ನಿಮ್ಮ ವಿಷಯದಲ್ಲಿ ಅದು 230 ಕಿಲೋ. ಈ ಭಾರ ಕಾರು ಹೊರಬಹುದಾದ ಒಟ್ಟು ಭಾರದಲ್ಲಿಯೇ ಸೇರುತ್ತದೆ. ಕಾರಿಗೆ 650 ಕಿಲೋ ಹೊರುವ ಶಕ್ತಿ ಇದೆ ಎಂದಿಟ್ಟುಕೊಳ್ಳಿ. ಐವರ ತೂಕ 300 ಕಿಲೋ, ಕೊಂಡಿಯ ಭಾರ 230 ಕಿಲೋ ಕಳೆದರೆ ಡಿಕ್ಕಿಗೂ ಮಾಡಿನ ಮೇಲಿನ ಪೆಟ್ಟಿಗೆಗೂ ಉಳಿಯುವುದು 120 ಕಿಲೋ. ಈ ಮಿತಿ ಮೀರಿದರೆ ವಿಮೆಯವರು ಪರಿಹಾರ ನಿರಾಕರಿಸಬಹುದು. ಅದಕ್ಕಿಂತ ದೊಡ್ಡ ಮಾತೆಂದರೆ ಸ್ಟೇರಿಂಗ್ ಹಗುರಾಗಿ ಮುಂದಿನ ಚಕ್ರಗಳ ಹಿಡಿತ ತಪ್ಪುತ್ತದೆ.

ಭಾರ ಎಲ್ಲಿ ಕೂರುತ್ತದೆ ಎಂಬುದೂ ಎಷ್ಟು ಎಂಬುದರಷ್ಟೇ ಮುಖ್ಯ. ನನ್ನ ಮೊದಲ ಪ್ರವಾಸದಲ್ಲಿ ನಾನು ಮೂರು ಸೈಕಲ್‌ಗಳನ್ನು ಕ್ಯಾರವಾನ್‌ನ ಹಿಂಬದಿಗೆ ಬಿಗಿದಿದ್ದೆ. ಮಕೈ ಪಟ್ಟಣ ದಾಟಿದ ಮೇಲಿನ ಒಂದು ಇಳಿಜಾರಿನಲ್ಲಿ ದೊಡ್ಡ ಟ್ರಕ್ ಒಂದು ಪಕ್ಕದಲ್ಲಿ ಹಾದುಹೋದಾಗ ಅದರ ಗಾಳಿಯ ಹೊಡೆತಕ್ಕೆ ಕ್ಯಾರವಾನ್ ಮೊದಲು ಒಂದಿಷ್ಟು ಎಡಕ್ಕೆ, ಮರುಕ್ಷಣ ಬಲಕ್ಕೆ, ಮತ್ತೆ ಎಡಕ್ಕೆ ಇನ್ನೂ ಜೋರಾಗಿ ಬೀಸತೊಡಗಿತು. ಹಿಂದಿನ ಸೀಟಿನಲ್ಲಿದ್ದ ಮಗಳು ಮಾತು ನಿಲ್ಲಿಸಿ ಬಾಗಿಲಿನ ಹಿಡಿಯನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದು ಕನ್ನಡಿಯಲ್ಲಿ ಕಂಡಿತು. ಆಗ ಕಾರಿನ ಬ್ರೇಕನ್ನು ಒತ್ತುವುದು ಮನುಷ್ಯನ ಸಹಜ ಪ್ರವೃತ್ತಿ, ಆದರೆ ಅದು ತಪ್ಪು. ಸ್ಟೇರಿಂಗನ್ನು ನೇರವಾಗಿ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದು, ಡ್ಯಾಶ್‌ಬೋರ್ಡಿನಲ್ಲಿರುವ ಬ್ರೇಕ್ ಕಂಟ್ರೋಲರ್‌ನ ಗುಂಡಿಯಿಂದ ಕ್ಯಾರವಾನ್‌ನ ಬ್ರೇಕನ್ನಷ್ಟೇ ಹಾಕಬೇಕು. ಆಗ ಅದು ಹಿಂದಿನಿಂದ ಜಗ್ಗಿದಂತಾಗಿ ನೇರವಾಗುತ್ತದೆ. ಆ ಗುಂಡಿ ನೋಡದೆಯೇ ಕೈಗೆ ಸಿಗುವ ಜಾಗದಲ್ಲಿರಬೇಕು, ನಿಮಗೂ ನಿಮ್ಮ ಪತ್ನಿಗೂ ಅದನ್ನು ಒತ್ತಿ ಅಭ್ಯಾಸವಾಗಿರಬೇಕು. ಭಾರದ ಸಾಮಾನನ್ನು ಚಕ್ರಗಳ ನೇರಕ್ಕೆ ನೆಲಮಟ್ಟದಲ್ಲಿಡಿ. ತೀರಾ ಹಿಂದೆ ಏನನ್ನೂ ನೇತುಹಾಕಬೇಡಿ. 2,000 ಕಿಲೋ ಮೀರಿದ ಕ್ಯಾರವಾನ್‌ಗೆ ಎಲ್ಲ ಚಕ್ರಗಳಿಗೂ ಬ್ರೇಕ್ ಇರಬೇಕು, ಕೊಂಡಿ ಕಳಚಿದರೆ ತಾನಾಗಿ ಬ್ರೇಕ್ ಹಿಡಿಯುವ ವ್ಯವಸ್ಥೆಯೂ ಇರಬೇಕೆಂದು ಅಲ್ಲಿನ ನಿಯಮವಿದೆ. ಹಳೆಯ ಕ್ಯಾರವಾನ್ ಆದ್ದರಿಂದ ಆ ವ್ಯವಸ್ಥೆಯ ಬ್ಯಾಟರಿ ಜೀವಂತವಾಗಿದೆಯೇ ಎಂದು ಪರೀಕ್ಷೆ ಮಾಡಿಸಿ.

ಬ್ರಿಸ್ಬೇನ್‌ನಿಂದ ಕೇರ್ನ್ಸ್‌ಗೆ ಬ್ರೂಸ್ ಹೆದ್ದಾರಿಯಲ್ಲಿ ಸುಮಾರು 1,680 ಕಿಲೋಮೀಟರ್. ನಕ್ಷೆ ನೋಡಿ ದಿನಕ್ಕೆ 500 ಎಂದು ಲೆಕ್ಕ ಹಾಕುವವರಿದ್ದಾರೆ. ನಿಮ್ಮ ಮಿತಿ 300 ಇರಲಿ, ಅದೂ ಸತತ ಎರಡು ದಿನಕ್ಕಿಂತ ಹೆಚ್ಚು ಬೇಡ. ಹೆದ್ದಾರಿಯ ಬಹುಭಾಗ ಇಕ್ಕೆಲದಲ್ಲಿ ಒಂದೊಂದೇ ಸಾಲು ಇರುವಂಥದ್ದು. ಊರ ಹೊರಗೆ ಮುಂದೆ ಇನ್ನೊಂದು ಉದ್ದ ವಾಹನವಿದ್ದರೆ ನೀವು ಕನಿಷ್ಠ 60 ಮೀಟರ್ ಅಂತರ ಬಿಡುವುದು ಕಡ್ಡಾಯ, ಏಕೆಂದರೆ ಕಾರು ಮತ್ತು ಕ್ಯಾರವಾನ್ ಸೇರಿ 7.5 ಮೀಟರ್ ಮುಟ್ಟಿದರೆ ಅದೂ ಉದ್ದ ವಾಹನವೇ. ಓಡುವ ಕ್ಯಾರವಾನ್‌ನಲ್ಲಿ ಯಾರೂ ಕೂರುವಂತಿಲ್ಲ, ತಾಯಿಯವರು ಅಲ್ಲಿ ಸ್ವಲ್ಪ ಕಾಲು ಚಾಚಿ ಮಲಗಲಿ ಎಂದು ಎಷ್ಟೇ ಅನ್ನಿಸಿದರೂ. ಟ್ರಕ್ ಚಾಲಕರು ವಾಹನದಿಂದ ವಾಹನಕ್ಕೆ ಮಾತನಾಡುವ ಯುಎಚ್ಎಫ್ ರೇಡಿಯೋದ 40ನೇ ಚಾನೆಲ್‌ನಲ್ಲಿ ಮಾತನಾಡುತ್ತಾರೆ, ಕ್ಯಾರವಾನ್‌ನವರು ಬಹುತೇಕ 18ರಲ್ಲಿ. ಒಂದು ರೇಡಿಯೋ ಇದ್ದರೆ ಹಿಂದಿನಿಂದ ದಾಟಲು ಬಯಸುವ ಟ್ರಕ್ಕಿನವರು ನಿಮಗೆ ಮೊದಲೇ ತಿಳಿಸುತ್ತಾರೆ.

ಜೂನ್‌ನಿಂದ ನವೆಂಬರ್‌ವರೆಗೆ ಕಬ್ಬು ಅರೆಯುವ ಹಂಗಾಮು. ಮಕೈಯಿಂದ ಉತ್ತರಕ್ಕೆ ಗದ್ದೆಗಳ ನಡುವೆ 610 ಮಿಲಿಮೀಟರ್ ಅಗಲದ ಪುಟ್ಟ ಹಳಿಗಳು ಓಡುತ್ತವೆ. ಅವುಗಳ ಮೇಲೆ ಕಬ್ಬು ಹೇರಿದ ಉದ್ದನೆಯ ರೈಲುಗಳು ರಾತ್ರಿ ಹಗಲೆನ್ನದೆ ರಸ್ತೆಗಳನ್ನು ಅಡ್ಡ ದಾಟುತ್ತವೆ, ಹಲವೆಡೆ ಗೇಟೇ ಇರುವುದಿಲ್ಲ. ತುಂಬಿದ ರೈಲಿಗೆ ತಟ್ಟನೆ ನಿಲ್ಲಲು ಬಾರದು, ತುಂಬಿದ ಕ್ಯಾರವಾನ್‌ಗೂ ಬಾರದು. ಸಂಜೆ ಆರಕ್ಕೆ ಕತ್ತಲಾಗುವುದರಿಂದ, ಆ ಹೊತ್ತಿಗೇ ವಾಲಬಿಗಳು (ಕಾಂಗರೂ ಜಾತಿಯ ಚಿಕ್ಕ ಪ್ರಾಣಿಗಳು) ರಸ್ತೆಗೆ ಬರುವುದರಿಂದ ಮಧ್ಯಾಹ್ನ ಮೂರೂವರೆಗೆಲ್ಲ ತಂಗುವ ಜಾಗ ಸೇರಿಬಿಡಿ. ಬೆಳಕಿನಲ್ಲಿ ಕ್ಯಾರವಾನನ್ನು ಹಿಮ್ಮುಖವಾಗಿ ಜಾಗಕ್ಕೆ ತೂರಿಸುವುದು ಒಂದು ಕೆಲಸ, ಕತ್ತಲಲ್ಲಿ ಅದೇ ಬೇರೆ.

ಸಮುದ್ರದ ವಿಷಯಕ್ಕೆ ಬರುತ್ತೇನೆ. ಮಕ್ಕಳು ನೀರಿಗಿಳಿಯಬಹುದು, ಆದರೆ ಎಲ್ಲೆಂದರಲ್ಲಿ ಅಲ್ಲ. ಈ ಕಡಲಲ್ಲಿ ಎರಡು ಬಗೆಯ ಅಪಾಯಕಾರಿ ಜೆಲ್ಲಿಫಿಶ್‌ಗಳಿವೆ. ಬಾಕ್ಸ್ ಜೆಲ್ಲಿಫಿಶ್‌ನ ಬಾಲದಂಥ ಎಳೆಗಳು ಮೂರು ಮೀಟರ್‌ವರೆಗೂ ಚಾಚಿಕೊಳ್ಳಬಲ್ಲವು, ಅದರ ಕುಟುಕು ನಿಮಿಷಗಳಲ್ಲಿ ಪ್ರಾಣಕ್ಕೆ ಎರವಾಗಬಹುದು. ಇರುಕಾಂಜಿ ಎಂಬುದು ಬೆರಳ ಉಗುರಿನಷ್ಟು ಚಿಕ್ಕದು. ಅದು ಕುಟುಕಿದ್ದು ಮೊದಲಿಗೆ ಸೊಳ್ಳೆ ಕಚ್ಚಿದಂತಿರುತ್ತದೆ, ಅರ್ಧ ಗಂಟೆಯ ಬಳಿಕ ಸೊಂಟನೋವು, ವಾಂತಿ, ಬೆವರು, ತಡೆಯಲಾರದ ಕಳವಳ ಶುರುವಾಗುತ್ತದೆ. ಕಡಲತೀರಗಳಲ್ಲಿ ಕಟ್ಟುವ ರಕ್ಷಣಾ ಬಲೆ ದೊಡ್ಡದನ್ನು ತಡೆಯುತ್ತದೆ, ಚಿಕ್ಕದು ಅದರ ಕಣ್ಣುಗಳಲ್ಲಿ ನುಸುಳಿ ಬರಬಲ್ಲದು. ಇವುಗಳ ಕಾಲ ಮುಖ್ಯವಾಗಿ ನವೆಂಬರ್‌ನಿಂದ ಮೇ, ಅಂದರೆ ನಿಮ್ಮ ಡಿಸೆಂಬರ್ ಅದರೊಳಗೇ ಬರುತ್ತದೆ. ಜೂನ್, ಜುಲೈಗಳಲ್ಲಿ ಅಪಾಯ ತುಂಬ ಕಡಿಮೆ, ಆದರೂ ಸೊನ್ನೆಯಲ್ಲ. ಮಕ್ಕಳಿಗೆ ಕೈಕಾಲು ಪೂರ್ತಿ ಮುಚ್ಚುವ ಲೈಕ್ರಾ ಸೂಟ್ ಹಾಕಿಸಿ, ಬಿಸಿಲಿನಿಂದಲೂ ಅದೇ ರಕ್ಷಣೆ. ಕುಟುಕಿದ ಜಾಗಕ್ಕೆ ಕನಿಷ್ಠ 30 ಸೆಕೆಂಡು ಧಾರಾಳವಾಗಿ ವಿನೆಗರ್ ಸುರಿಯಬೇಕು, ಸಿಹಿನೀರು ಸೋಕಿಸಬಾರದು, ಉಜ್ಜಬಾರದು, ತುರ್ತು ಸಂಖ್ಯೆ 000ಕ್ಕೆ ಕರೆ ಮಾಡಬೇಕು, ಉಸಿರು ನಿಂತಿದ್ದರೆ ಎದೆ ಒತ್ತಿ ಉಸಿರು ಕೊಡುವುದನ್ನು ತಡಮಾಡದೆ ಆರಂಭಿಸಬೇಕು. ಉತ್ತರದ ಹಲವು ತೀರಗಳಲ್ಲಿ ಕಂಬಕ್ಕೆ ವಿನೆಗರ್ ಬಾಟಲಿ ಇಟ್ಟಿರುತ್ತಾರೆ, ಆದರೆ ಎರಡು ಲೀಟರ್ ನಿಮ್ಮ ಬಳಿಯೇ ಇರಲಿ. ನಿಮ್ಮ 11 ವರ್ಷದ ಮಗಳಿಗೂ ಇದನ್ನು ಹೇಳಿಕೊಡಿ. ಆ ವಯಸ್ಸಿನ ಮಕ್ಕಳು ಇಂಥದ್ದನ್ನು ನಾವು ಅಂದುಕೊಂಡಿದ್ದಕ್ಕಿಂತ ಚೆನ್ನಾಗಿ ನೆನಪಿಡುತ್ತಾರೆ.

ಮೊಸಳೆಗೆ ಮಾತ್ರ ಕಾಲವಿಲ್ಲ. ಗ್ಲ್ಯಾಡ್‌ಸ್ಟನ್ ಬಳಿಯ ಬಾಯ್ನ್ ನದಿಯಿಂದ ಉತ್ತರಕ್ಕೆಲ್ಲ ಮೊಸಳೆಯ ಸೀಮೆ ಎಂದೇ ಸರ್ಕಾರ ಹೇಳುತ್ತದೆ. ಅವು ಅಳಿವೆಗಳಲ್ಲಿ, ತೊರೆಗಳಲ್ಲಿ, ಕೆಲವೊಮ್ಮೆ ತೆರೆದ ಕಡಲತೀರದಲ್ಲಿಯೂ ಇರುತ್ತವೆ. ಹಳದಿ ಎಚ್ಚರಿಕೆ ಫಲಕ ಇಲ್ಲದಿದ್ದರೆ ಮೊಸಳೆ ಇಲ್ಲ ಎಂದರ್ಥವಲ್ಲ. ನೀರಿನಂಚಿನಿಂದ ಐದು ಮೀಟರ್ ದೂರ ನಿಲ್ಲುವುದು, ಬಿಡಾರವನ್ನು ಕನಿಷ್ಠ 50 ಮೀಟರ್ ದೂರ ಹೂಡುವುದು, ಮೀನು ತೊಳೆದ ತ್ಯಾಜ್ಯವನ್ನು ದಡದಲ್ಲಿ ಬಿಡದಿರುವುದು, ಇವನ್ನು ಒಮ್ಮೆಯೂ ಸಡಿಲಿಸಬೇಡಿ. ಆರು ವರ್ಷದ ಹುಡುಗನಿಗೆ ಕಲ್ಲೆಸೆಯಲು ನೀರು ಕಂಡರೆ ಸಾಕು ಕಾಲು ತಾನಾಗಿ ಓಡುತ್ತದೆ, ಆದ್ದರಿಂದ ತೊರೆಯ ಬಳಿ ಒಬ್ಬ ದೊಡ್ಡವರ ಕೈ ಅವನ ಕೈ ಹಿಡಿದಿರಲಿ. ಇಷ್ಟೆಲ್ಲ ಓದಿ ಹೆದರಬೇಕಿಲ್ಲ. ಮಕೈಯಲ್ಲಿ ನದಿಯ ಪಕ್ಕ, ಏರ್ಲಿ ಬೀಚ್ ಮತ್ತು ಕೇರ್ನ್ಸ್‌ನಲ್ಲಿ ಕಡಲಿನ ಪಕ್ಕದಲ್ಲಿಯೇ ಲಗೂನ್ ಎಂದು ಕರೆಯುವ ದೊಡ್ಡ ಸಾರ್ವಜನಿಕ ಈಜುಕೊಳಗಳಿವೆ, ಟೌನ್ಸ್‌ವಿಲ್‌ನಲ್ಲಿ ಸ್ಟ್ರ್ಯಾಂಡ್ ತೀರದ ಕಲ್ಲಿನ ಕೊಳವಿದೆ. ಮಕ್ಕಳ ಈಜಿನ ಬಹುಪಾಲನ್ನು ಅಲ್ಲಿಯೇ ಮುಗಿಸಿ. ಸಮುದ್ರಕ್ಕೆ ಇಳಿಯುವುದಾದರೆ ಜೀವರಕ್ಷಕರು ನೆಟ್ಟ ಕೆಂಪು ಹಳದಿ ಬಾವುಟಗಳ ನಡುವೆ ಮಾತ್ರ.

ದಾರಿಯಲ್ಲಿ ಎಲ್ಲಿ ನಿಲ್ಲಬೇಕು ಎಂಬುದಕ್ಕೆ ನನ್ನ ಉತ್ತರ: ಕಡಿಮೆ ಊರು, ಹೆಚ್ಚು ರಾತ್ರಿ. ಮಕೈಯಿಂದ ಮುಕ್ಕಾಲು ಗಂಟೆಯ ದಾರಿಯಲ್ಲಿರುವ ಕೇಪ್ ಹಿಲ್ಸ್‌ಬರೊದಲ್ಲಿ ಎರಡು ರಾತ್ರಿ ಇರಿ. ಬೆಳಗಿನ ಜಾವ ಇನ್ನೂ ಮಸುಕಿರುವಾಗ ಮಕ್ಕಳನ್ನು ಎಬ್ಬಿಸಿ ತೀರಕ್ಕೆ ಕರೆದೊಯ್ಯಿರಿ. ಸಮುದ್ರ ಇಳಿದು ಬಿಟ್ಟ ಒದ್ದೆ ಮರಳಿನ ಮೇಲೆ ವಾಲಬಿಗಳು, ಒಂದೆರಡು ಕಾಂಗರೂಗಳು, ಕಾಂಡ್ಲಾ ಮರದಿಂದ ಉದುರಿದ ಕಾಯಿಗಳನ್ನು ಮುಂಗೈಗಳಲ್ಲಿ ಹಿಡಿದು ತಿನ್ನುತ್ತಿರುತ್ತವೆ. ಅವುಗಳ ಹಿಂದೆ ಕಡಲಿನಿಂದ ಸೂರ್ಯ ಏಳುವಾಗ ಕಿವಿಗಳ ಅಂಚಷ್ಟೇ ಬೆಳಕು ಹಿಡಿದು ಹೊಳೆಯುತ್ತದೆ. ಮಾತಿಲ್ಲದೆ, ಹತ್ತಿರ ಹೋಗದೆ, ತಿನಿಸು ಕೊಡದೆ ನಿಂತು ನೋಡಿದರೆ ಅವು ಅಷ್ಟು ಹೊತ್ತೂ ಅಲ್ಲೇ ಇರುತ್ತವೆ.

ಅಲ್ಲಿಂದ ಏರ್ಲಿ ಬೀಚ್‌ನಲ್ಲಿ ಮೂರು ರಾತ್ರಿ, ಟೌನ್ಸ್‌ವಿಲ್‌ನಲ್ಲಿ ಒಂದೋ ಎರಡೋ, ಮಿಷನ್ ಬೀಚ್‌ನಲ್ಲಿ ಮೂರು ಎಂದು ಹಂಚಿಕೊಳ್ಳಿ. ಮಿಷನ್ ಬೀಚ್‌ಗೆ ತಿರುಗುವ ಮೊದಲು ಸಿಗುವ ಟಲ್ಲಿ ಪಟ್ಟಣದಲ್ಲಿ 7.9 ಮೀಟರ್ ಎತ್ತರದ ಗಮ್‌ಬೂಟಿನ, ಅಂದರೆ ಮಳೆಯಲ್ಲಿ ತೊಡುವ ರಬ್ಬರ್ ಬೂಟಿನ, ಪ್ರತಿಮೆ ಇದೆ. 1950ರಲ್ಲಿ ಆ ಊರಲ್ಲಿ ಸುರಿದ ಮಳೆಯ ಎತ್ತರ ಅಷ್ಟೇ. ಮಳೆಗಾಲ ಬೇಡ ಎಂದು ನಾನೇಕೆ ಹೇಳಿದೆ ಎಂಬುದನ್ನು ಮಕ್ಕಳು ಅದರ ಬುಡದಲ್ಲಿ ನಿಂತು ತಲೆಯೆತ್ತಿ ನೋಡಿ ತಿಳಿಯಲಿ. ಮಿಷನ್ ಬೀಚ್ ಸುತ್ತ ಕ್ಯಾಸೊವರಿ ಎಂಬ, ಆಳೆತ್ತರದ, ಹಾರಲಾರದ ಹಕ್ಕಿ ಕಾಡಿನಿಂದ ರಸ್ತೆಗೆ ಬರುತ್ತದೆ. ಎದುರಾದರೆ ಬೆನ್ನು ತೋರಿಸಿ ಓಡದೆ, ಚೀಲವನ್ನು ಮುಂದೆ ಹಿಡಿದು ನಿಧಾನವಾಗಿ ಹಿಂದೆ ಸರಿಯಬೇಕು. ಕಾಡಿನ ಹಾದಿ ಬಿಟ್ಟು ಮಕ್ಕಳು ಪೊದೆ ಮುಟ್ಟದಂತೆಯೂ ನೋಡಿಕೊಳ್ಳಿ, ಹೃದಯಾಕಾರದ ಎಲೆಯ ಗಿಂಪಿ ಗಿಡದ ಮುಳ್ಳುರೋಮ ಚುಚ್ಚಿದರೆ ನೋವು ತಿಂಗಳುಗಟ್ಟಲೆ ಮರುಕಳಿಸುತ್ತದೆ. ಬಾಳೆ ತೋಟಗಳೊಳಗೆ ಕಾಲಿಡಬೇಡಿ. 2015ರಲ್ಲಿ ಟಲ್ಲಿ ಕಣಿವೆಯಲ್ಲಿ, ಮಣ್ಣಿನ ಮೂಲಕ ಹರಡುವ ಬಾಳೆಯ ಪನಾಮಾ ರೋಗ ಕಂಡುಬಂದಾಗಿನಿಂದ ಬೆಳೆಗಾರರು ಬೂಟಿಗೆ ಅಂಟಿದ ಮಣ್ಣಿಗೂ ಅಂಜುತ್ತಾರೆ, ಆ ಅಂಜಿಕೆಗೆ ಕಾರಣವಿದೆ.

ಕೇರ್ನ್ಸ್‌ನಿಂದ ಪೋರ್ಟ್ ಡಗ್ಲಸ್‌ವರೆಗಿನ ತಿರುವುಗಳ ಕಡಲ ರಸ್ತೆಯಲ್ಲಿ ಕ್ಯಾರವಾನ್ ನಿಧಾನವಾಗಿ ಹೋಗಬಹುದು. ಆದರೆ ಡೇನ್‌ಟ್ರೀ ನದಿಯ ದೋಣಿ ದಾಟಿ ಕೇಪ್ ಟ್ರಿಬ್ಯುಲೇಷನ್‌ಗೆ ಹೋಗುವ ರಸ್ತೆ ಕಡಿದಾಗಿಯೂ ಇಕ್ಕಟ್ಟಾಗಿಯೂ ಇರುವುದರಿಂದ ಕ್ಯಾರವಾನನ್ನು ಈಚೆಗೇ ಬಿಟ್ಟು ಕಾರಿನಲ್ಲಿ ಒಂದು ದಿನ ಹೋಗಿಬನ್ನಿ. ಹವಳದ ದಿಬ್ಬಗಳನ್ನು ನೋಡಲು ಹಡಗು ಹತ್ತುವವರಿಗೆ ಒಂದು ಮಾತು: ಚಳಿಗಾಲದಲ್ಲಿ ಆಗ್ನೇಯದಿಂದ ಬೀಸುವ ಗಾಳಿ ಬಲವಾಗಿದ್ದು ಹೊರಗಿನ ದಿಬ್ಬಗಳವರೆಗಿನ ಪಯಣ ಕುಲುಕುತ್ತದೆ. ನಿಮ್ಮ ತಾಯಿಯವರನ್ನೂ ಮಗನನ್ನೂ ಅಷ್ಟು ದೂರ ಕರೆದೊಯ್ಯುವ ಬದಲು ಕೇರ್ನ್ಸ್‌ನಿಂದ ಮುಕ್ಕಾಲು ಗಂಟೆಯಲ್ಲಿ ಮುಟ್ಟುವ ಗ್ರೀನ್ ಐಲ್ಯಾಂಡ್‌ಗೆ ಕರೆದೊಯ್ಯಿರಿ. ಗಾಜಿನ ತಳದ ದೋಣಿಯಲ್ಲಿ ಕುಳಿತು, ನೀರಿಗಿಳಿಯದೆಯೇ ಅವರು ಹವಳವನ್ನೂ ಮೀನನ್ನೂ ನೋಡಬಹುದು. ಅದೇ ಗಾಳಿಯ ಕಾರಣಕ್ಕೆ ರಾತ್ರಿ ಮಲಗುವ ಮುನ್ನ ಕ್ಯಾರವಾನ್‌ನ ಮುಂಚಾಚು ಚಾವಣಿಯನ್ನು ಸುತ್ತಿಡಬೇಕು.

ನಿಮ್ಮ ತಾಯಿಯವರ ಮಂಡಿಯ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ, ಆದರೆ ಪ್ರವಾಸದ ಪ್ರತಿಯೊಂದು ದಿನ ಅವರ ಪಾಲಿಗೆ ನಿರ್ಧಾರವಾಗುವುದು ಕ್ಯಾರವಾನ್‌ನ ಮೆಟ್ಟಿಲಿನಲ್ಲಿ. ಮಡಚಿ ಹೊರಗೆಳೆಯುವ ಆ ಒಂದು ಕಬ್ಬಿಣದ ಮೆಟ್ಟಿಲು ನೆಲದಿಂದ ಸಾಕಷ್ಟು ಎತ್ತರದಲ್ಲಿರುತ್ತದೆ, ಓರೆ ನೆಲದಲ್ಲಿ ನಿಲ್ಲಿಸಿದರೆ ಇನ್ನೂ ಎತ್ತರವಾಗುತ್ತದೆ. ಅಗಲವಾದ, ಜಾರದ ಮೇಲ್ಮೈಯ ಇನ್ನೊಂದು ಮೆಟ್ಟಿಲನ್ನು ಕೊಂಡು ಕೆಳಗಿಡಿ. ಬಾಗಿಲಿನ ಪಕ್ಕ ಗಟ್ಟಿಯಾದ ಹಿಡಿಕೆಯೊಂದನ್ನು ಚೌಕಟ್ಟಿಗೆ ಸೇರುವಂತೆ ಕೂರಿಸಿ, ಬರೀ ತೆಳು ಗೋಡೆಗೆ ಅಲ್ಲ. ಅವರ ಹಾಸಿಗೆ ಕೆಳಗಿನದಾಗಿರಲಿ, ಬಾಗಿಲಿಗೆ ಹತ್ತಿರವಿರಲಿ. ಜಾಗ ಕಾಯ್ದಿರಿಸುವಾಗ ಶೌಚಾಲಯಕ್ಕೆ ಹತ್ತಿರದ, ಸಮತಟ್ಟಾದ, ಸಿಮೆಂಟು ನೆಲದ ಸ್ಥಳ ಬೇಕೆಂದು ಕೇಳಿ. ಕೊಳಗಳ ನೋಟಕ್ಕಿಂತ ಅದು ಮುಖ್ಯ. ಐವರು ಒಂದೇ ಕೋಣೆಯಲ್ಲಿ ಇಪ್ಪತ್ತು ರಾತ್ರಿ ಮಲಗುವುದು ಎಲ್ಲರಿಗೂ ಸುಲಭವಲ್ಲ. ವಾರಕ್ಕೊಮ್ಮೆ ಅದೇ ಪಾರ್ಕಿನಲ್ಲಿ ಒಂದು ಕ್ಯಾಬಿನ್ ಹಿಡಿದು ಅವರಿಗೂ ಮೊಮ್ಮಗಳಿಗೂ ಬಿಟ್ಟುಕೊಟ್ಟರೆ, ಆ ಖರ್ಚು ಬೇರೆ ಯಾವ ಖರ್ಚಿಗಿಂತಲೂ ಸಾರ್ಥಕವೆಂದು ನಾನು ಕಂಡಿದ್ದೇನೆ.

ಕೊನೆಗೆ ಮಾಡಬೇಕಾದ ಒಂದು ಕೆಲಸವಿದೆ. ಮೇ ತಿಂಗಳ ಒಂದು ಶನಿವಾರ, ಭಾನುವಾರ ಮನೆಯಿಂದ ನೂರು ಕಿಲೋಮೀಟರ್ ಒಳಗಿನ ಯಾವುದಾದರೂ ಪಾರ್ಕ್‌ಗೆ ಎಲ್ಲರೂ ಹೋಗಿ ಎರಡು ರಾತ್ರಿ ಇದ್ದು ಬನ್ನಿ. ಕ್ಯಾರವಾನ್‌ನ ವಿದ್ಯುತ್ ತಂತಿಯ ಪ್ಲಗ್ 15 ಆಂಪಿಯರ್‌ನದು, ಮನೆಯ 10 ಆಂಪಿಯರ್ ಸಾಕೆಟ್ಟಿಗೆ ಹೊಂದುವುದಿಲ್ಲ ಎಂಬಂಥ ಸಣ್ಣ ಸಂಗತಿಗಳು ಅಲ್ಲಿ ಗೊತ್ತಾಗುತ್ತವೆ. ಕೊಂಡಿ ಹಾಕಿ ಸರಪಳಿ ಬಿಗಿಯುವುದನ್ನು, ಅನಿಲದ ಕವಾಟ ಮುಚ್ಚುವುದನ್ನು, ದೀಪಗಳನ್ನು ಪರೀಕ್ಷಿಸುವುದನ್ನು ನೀವು ಮಾಡುವಾಗ ಮಗಳು ಕಾಗದದ ಮೇಲೆ ಒಂದೊಂದಾಗಿ ಗುರುತು ಹಾಕುತ್ತ ಬರಲಿ. ಹಿಮ್ಮುಖವಾಗಿ ನಿಲ್ಲಿಸುವಾಗ ಒಬ್ಬರೇ ಸನ್ನೆ ಮಾಡಬೇಕು, ಅವರು ನಿಮ್ಮ ಕನ್ನಡಿಯಲ್ಲಿ ಕಾಣುವಂತೆ ನಿಂತಿರಬೇಕು, ಅವರು ಕಾಣದ ಕ್ಷಣದಲ್ಲಿ ನೀವು ಕಾರನ್ನು ನಿಲ್ಲಿಸಬೇಕು. ಮಗ ಆ ಹೊತ್ತಿನಲ್ಲಿ ಅಜ್ಜಿಯ ಪಕ್ಕ ಕುರ್ಚಿಯಲ್ಲಿ ಕುಳಿತಿರಲಿ.